ಊರು ಇದ್ದಲ್ಲೇ ಇದೆ, ಜಿಲ್ಲೆ ಮೂರು ಸಲ ಬದಲಾಗಿದೆ: ಹರಪನಹಳ್ಳಿ ತಾಲೂಕಿನ ಒಂದು ಮನೆಯ ಪ್ರಕರಣ

2022ರ ಬೇಸಿಗೆ. ಹರಪನಹಳ್ಳಿ ತಾಲೂಕಿನ ಒಂದು ಹಳ್ಳಿಯ ರೈತರು ಪ್ಲಾಸ್ಟಿಕ್ ಚೀಲವೊಂದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಅರ್ಜಿ ತುಂಬುವುದು, ಕಾಗದ ಓದಿ ಹೇಳುವುದು ಇಂಥ ಕೆಲಸಕ್ಕೆ ಸುತ್ತಲಿನವರು ಬರುತ್ತಿರುತ್ತಾರೆ. ಅವರ ಚೀಲದಲ್ಲಿ ಮಗಳ 371(ಜೆ) ಪ್ರಮಾಣಪತ್ರದ ಅರ್ಜಿ ಇತ್ತು. ಹೈದರಾಬಾದ್ ಕರ್ನಾಟಕದ ಜಿಲ್ಲೆಗಳವರಿಗೆ ಕಾಲೇಜು ಸೀಟು, ಸರ್ಕಾರಿ ಕೆಲಸದಲ್ಲಿ ಮೀಸಲು ಸಿಗಲು ಬೇಕಾದ ಪತ್ರ ಅದು. ವಾಪಸ್ ಬಂದಿತ್ತು. ಅಂಚಿನಲ್ಲಿ ಪೆನ್ನಿನಿಂದ ಒಂದೇ ಸಾಲು: ‘ಜನನ ಪ್ರಮಾಣಪತ್ರದಲ್ಲಿ ದಾವಣಗೆರೆ ಜಿಲ್ಲೆ ಎಂದಿದೆ.’

"ನಮ್ಮೂರು ಇದ್ದಲ್ಲೇ ಐತ್ರೀ ಮೇಷ್ಟ್ರೇ, ಜಿಲ್ಲೆನೇ ಓಡಾಡ್ತೈತಿ" ಎಂದರು ಅವರು.

ಅವರು ಹೇಳಿದ್ದು ಅಕ್ಷರಶಃ ನಿಜ. ಇದನ್ನು ಬರೆಯುವುದಕ್ಕೆ ಕಾರಣವೂ ಅದೇ. ಜಿಲ್ಲೆ ಬದಲಾದ ತಾಲೂಕುಗಳು ನಮ್ಮಲ್ಲಿ ಬಹಳ ಇವೆ. ಇಂಥ ತೊಂದರೆ ಬಂದಾಗ ಹೇಗೆ ಯೋಚಿಸಬೇಕು, ನಾನು ಎಲ್ಲಿ ತಪ್ಪು ದಾರಿ ಹಿಡಿದೆ ಎಂಬುದು ಬೇರೆಯವರಿಗೂ ತಿಳಿಯಲಿ. ಕುಟುಂಬದ ಹೆಸರು, ಊರಿನ ಹೆಸರು, ಕಚೇರಿಯ ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ: ಒಂದು ತಾಲೂಕಿನ ಓಡಾಟ

ಹರಪನಹಳ್ಳಿ ಮೊದಲು ಪಾಳೆಯಗಾರರ ಊರು. 1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಇಂಗ್ಲಿಷರ ಕಂಪನಿಗೆ ಬಿಟ್ಟುಕೊಟ್ಟ. ಆಗ ಬಳ್ಳಾರಿ, ಕಡಪ ಕಡೆಯನ್ನೆಲ್ಲ ಸೇರಿಸಿ ದತ್ತಮಂಡಲ ಎಂದು ಕರೆದರು. ಥಾಮಸ್ ಮನ್ರೊ ಇಲ್ಲಿ ಕಲೆಕ್ಟರ್ ಆಗಿ ಕಂದಾಯದ ಲೆಕ್ಕ ಹಾಕಿದ್ದು ಆಗಲೇ. 1808ರಲ್ಲಿ ಅದನ್ನು ಬಳ್ಳಾರಿ, ಕಡಪ ಎಂದು ಎರಡು ಜಿಲ್ಲೆ ಮಾಡಿದರು. ಆ ಬಳ್ಳಾರಿ ಈಗಿನದ್ದಕ್ಕಿಂತ ತುಂಬಾ ದೊಡ್ಡದು. 1882ರಲ್ಲಿ ಅನಂತಪುರ ಅದರಿಂದಲೇ ಬೇರೆಯಾಯಿತು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅಲ್ಲಿಯವರೆಗೆ ಮದ್ರಾಸ್ ರಾಜ್ಯದಲ್ಲಿದ್ದ ಬಳ್ಳಾರಿ ಜಿಲ್ಲೆ ಅದೇ ದಿನ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಉಳಿದ ತಾಲೂಕುಗಳು ಮೈಸೂರಿಗೆ ಸೇರಿದವು, ಹರಪನಹಳ್ಳಿಯೂ ಅದರಲ್ಲೊಂದು. ಹೀಗೆ ರಾಜ್ಯ ಬದಲಾಯಿತು, ಜಿಲ್ಲೆಯ ಹೆಸರು ಮಾತ್ರ ಬಳ್ಳಾರಿ ಎಂದೇ ಉಳಿಯಿತು. ಈ ಕುಟುಂಬದ ಅಜ್ಜ ಆಗ ಹುಡುಗ.

1956ರಲ್ಲಿ ರಾಜ್ಯ ಒಂದುಗೂಡಿದಾಗ ನಮಗಿದ್ದದ್ದು 19 ಜಿಲ್ಲೆ. ಮೂವತ್ತು ವರ್ಷ ಅಷ್ಟೇ ಇದ್ದವು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಬೇರೆಯಾಗಿ 20 ಆಯಿತು. ನಡುವೆ ಜಿಲ್ಲೆ, ತಾಲೂಕು ಹೇಗೆ ಒಡೆಯಬೇಕು ಎಂದು ಹುಂಡೇಕರ್ ಸಮಿತಿ, ಗದ್ದಿಗೌಡರ್ ಸಮಿತಿ ಎಲ್ಲ ಆದವು. ಕೊನೆಗೆ 1997ರಲ್ಲಿ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ಒಂದೇ ಸಲಕ್ಕೆ ಏಳು ಹೊಸ ಜಿಲ್ಲೆ ಬಂದವು: ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಉಡುಪಿ, ಚಾಮರಾಜನಗರ. ಒಟ್ಟು 27.

ಈ ಏಳರಲ್ಲಿ ದಾವಣಗೆರೆಯ ಕಥೆ ಬೇರೆ. ಉಡುಪಿಯೋ ಗದಗವೋ ಒಂದೇ ತಾಯಿ ಜಿಲ್ಲೆಯಿಂದ ಬಂದವು. ದಾವಣಗೆರೆಯನ್ನು ಮೂರು ಜಿಲ್ಲೆಯಿಂದ ಕಿತ್ತು ಜೋಡಿಸಿದರು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು. ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ. ಬಳ್ಳಾರಿಯಿಂದ ಹರಪನಹಳ್ಳಿ. ಒಂದು ಭಾಗ ಹಳೇ ಮೈಸೂರು, ಇನ್ನೊಂದು ಭಾಗ ಹಳೇ ಮದ್ರಾಸ್. ಆಗ ಅದು ಯಾರಿಗೂ ದೊಡ್ಡ ವಿಷಯ ಅನ್ನಿಸಲಿಲ್ಲ. ನಮ್ಮ ಕಡೆಯವರಿಗೆ ದಾವಣಗೆರೆ ಹತ್ತಿರ. ಮೆಕ್ಕೆಜೋಳ ಮಾರುವುದು ಅಲ್ಲಿ, ಆಸ್ಪತ್ರೆ ಅಲ್ಲಿ, ಕಾಲೇಜು ಅಲ್ಲಿ, ಮದುವೆ ಜವಳಿ ಅಲ್ಲಿ. ಬಳ್ಳಾರಿಗೆ ಹೋಗಿ ಬರುವುದೆಂದರೆ ಒಂದು ದಿನವೇ ಹೋಗುತ್ತಿತ್ತು. ಜಿಲ್ಲಾ ಕೇಂದ್ರ ಹತ್ತಿರ ಬಂತಲ್ಲ ಎಂದು ಜನ ಖುಷಿಪಟ್ಟರು. ನಾನೂ ಪಟ್ಟವನೇ.

ಎಲ್ಲವೂ ತಿರುಗಿದ್ದು 371(ಜೆ) ಬಂದಾಗ. ಸಂವಿಧಾನದ 98ನೇ ತಿದ್ದುಪಡಿಯಿಂದ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಸಿಕ್ಕಿತು, 2013ರಲ್ಲಿ ಜಾರಿಯಾಯಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಈ ಆರು ಜಿಲ್ಲೆ. ಆ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ನೂರಕ್ಕೆ 70 ಸೀಟು, ರಾಜ್ಯದ ಉಳಿದೆಡೆ ನೂರಕ್ಕೆ 8. ಸರ್ಕಾರಿ ಕೆಲಸದಲ್ಲೂ ದೊಡ್ಡ ಪಾಲು. ಗಮನಿಸಿ, ಈ ಆರರಲ್ಲಿ ಬಳ್ಳಾರಿ ಒಂದೇ ನಿಜಾಮನ ಹೈದರಾಬಾದ್ ರಾಜ್ಯದಲ್ಲಿ ಇರಲಿಲ್ಲ. ಅದು ಮದ್ರಾಸಿನದ್ದು. ಹಿಂದುಳಿದದ್ದು ಎಂಬ ಕಾರಣಕ್ಕೆ ಒಳಗೆ ಬಂತು. ಹಾಗಾದರೆ ಅದೇ ಬಳ್ಳಾರಿಯ ಭಾಗವಾಗಿದ್ದ ಹರಪನಹಳ್ಳಿ? ಅದು ಹದಿನಾರು ವರ್ಷದ ಹಿಂದೆ ದಾವಣಗೆರೆಗೆ ಹೋಗಿತ್ತು. ಹಾಗಾಗಿ ಹೊರಗೆ ಉಳಿಯಿತು. ನೆಲ ಅದೇ, ಮಳೆ ಅದೇ, ಬಡತನವೂ ಅದೇ.

ಹೋರಾಟಗಳಾದವು, ಬಂದ್ ಆದವು. 2018ರಲ್ಲಿ ಹರಪನಹಳ್ಳಿಯನ್ನು ಮತ್ತೆ ಬಳ್ಳಾರಿಗೆ ಸೇರಿಸಿ 371(ಜೆ) ಸೌಲಭ್ಯ ಕೊಟ್ಟರು. ಅದಾಗಿ ಮೂರು ವರ್ಷಕ್ಕೆ, 2021ರ ಫೆಬ್ರುವರಿಯಲ್ಲಿ, ಬಳ್ಳಾರಿಯನ್ನೇ ಒಡೆದು ವಿಜಯನಗರ ಜಿಲ್ಲೆ ಮಾಡಿದರು. ಹೊಸಪೇಟೆ ಕೇಂದ್ರ. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಅದರ ಆರು ತಾಲೂಕು. ರಾಜ್ಯದ 31ನೇ ಜಿಲ್ಲೆ.

ಒಂದೇ ಮನೆ, ಇಬ್ಬರು ಮಕ್ಕಳು

ಈ ಮನೆಯಲ್ಲಿ ಮಗ ದೊಡ್ಡವನು, 1999ರಲ್ಲಿ ಹುಟ್ಟಿದ್ದು. ಮಗಳು 2004ರಲ್ಲಿ. ಇಬ್ಬರ ಜನನ ಪ್ರಮಾಣಪತ್ರದಲ್ಲೂ ದಾವಣಗೆರೆ ಜಿಲ್ಲೆ. ಮಗ 2017ರಲ್ಲಿ ಪಿಯುಸಿ ಮುಗಿಸಿದ. ಸಿಇಟಿ ಬರೆದ. ಅವನಿಗೆ 371(ಜೆ) ಇರಲಿಲ್ಲ. ಅವನ ಸೋದರತ್ತೆಯ ಮಗ ಪಕ್ಕದ ಹೂವಿನಹಡಗಲಿಯವನು. ಅದೇ ವರ್ಷ, ಇವನಿಗಿಂತ ಹಿಂದಿನ ರ‍್ಯಾಂಕಿನಲ್ಲಿದ್ದರೂ ಅವನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಇವನು ದಾವಣಗೆರೆಯಲ್ಲಿ ಬಿಎಸ್ಸಿ ಸೇರಿದ. ಎರಡು ಊರಿನ ನಡುವೆ ಬಸ್ಸಿನಲ್ಲಿ ಕೂತರೆ ಗಡಿ ಎಲ್ಲಿ ದಾಟಿದೆವು ಎಂದೂ ಗೊತ್ತಾಗುವುದಿಲ್ಲ. ಆ ಹುಡುಗ ಇದನ್ನು ಇಂದಿಗೂ ಮರೆತಿಲ್ಲ.

ಹೀಗಾಗಿ ಮಗಳ ಅರ್ಜಿ ವಾಪಸ್ ಬಂದಾಗ ತಂದೆಗೆ ಗಾಬರಿಯಾಗಿದ್ದು ಸಹಜ. ಮತ್ತೊಮ್ಮೆ ಅದೇ ಆಗುತ್ತದೆಯೇ ಎಂಬ ಭಯ.

ಅರ್ಜಿ ನೋಡಿದವರು ಬೇರೆ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು. ಅವರ ಮುಂದಿದ್ದ ಪಟ್ಟಿಯಲ್ಲಿ ಜಿಲ್ಲೆಗಳ ಹೆಸರು ಮಾತ್ರ ಇತ್ತು. ದಾವಣಗೆರೆ ಆ ಪಟ್ಟಿಯಲ್ಲಿ ಇಲ್ಲ. ಹುಡುಗಿಯ ಕಾಗದಗಳನ್ನು ಸಾಲಾಗಿ ಇಟ್ಟು ನೋಡಿದರೆ ಯಾರಿಗಾದರೂ ತಲೆ ತಿರುಗುತ್ತದೆ. ಜನನ ಪತ್ರದಲ್ಲಿ ದಾವಣಗೆರೆ. ಪ್ರೈಮರಿ ಶಾಲೆಯ ಟಿಸಿಯಲ್ಲಿ ದಾವಣಗೆರೆ. ಎಸ್ಸೆಸ್ಸೆಲ್ಸಿ ಮುಗಿಸಿದ್ದು 2020ರಲ್ಲಿ, ಆ ಕಾಗದದಲ್ಲಿ ಬಳ್ಳಾರಿ. ಆಧಾರ್ ವಿಳಾಸ ಈಚೆಗೆ ತಿದ್ದಿಸಿದ್ದು, ಅದರಲ್ಲಿ ವಿಜಯನಗರ. ತಂದೆಯ ಶಾಲಾ ದಾಖಲೆಯಲ್ಲಿ ಬಳ್ಳಾರಿ. ಇಂಗ್ಲಿಷ್ ಕಾಗದಗಳಲ್ಲಿ ಬಳ್ಳಾರಿಯ ಸ್ಪೆಲ್ಲಿಂಗ್ ಕೂಡ ಎರಡು ಥರ, ಯಾಕೆಂದರೆ 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ತಿದ್ದಿದಾಗ ಅದೂ ಬದಲಾಯಿತು.

ಇನ್ನೂ ಇದೆ. ಮನೆ ಮುಂದಿನ ಬೈಕಿನ ನಂಬರ್ ಕೆಎ-17, ಅದು ದಾವಣಗೆರೆಯದ್ದು. ಊರಿನ ಪಿನ್ ಕೋಡ್ 583ರಿಂದ ಶುರು, ಅದು ಬಳ್ಳಾರಿ ಕಡೆಯದ್ದು. ದಾವಣಗೆರೆ ಜಿಲ್ಲೆಯಲ್ಲಿದ್ದ ಇಪ್ಪತ್ತು ವರ್ಷವೂ ಅಂಚೆಯವರು ಅದನ್ನು 577 ಮಾಡಲಿಲ್ಲ. ಲೋಕಸಭೆಗೆ ಇವರು ಇವತ್ತಿಗೂ ಮತ ಹಾಕುವುದು ದಾವಣಗೆರೆ ಕ್ಷೇತ್ರಕ್ಕೆ. ಕ್ಷೇತ್ರದ ಗೆರೆ 2008ರಲ್ಲಿ ಎಳೆದದ್ದು, ಜಿಲ್ಲೆ ಬದಲಾದರೂ ಅದು ಹಾಗೇ ಇದೆ. ಕಂದಾಯ ಇಲಾಖೆಯ ಜಿಲ್ಲೆ ಒಂದು, ಅಂಚೆಯ ಲೆಕ್ಕ ಒಂದು, ಚುನಾವಣೆಯ ಲೆಕ್ಕ ಇನ್ನೊಂದು. ಇವು ಒಟ್ಟಿಗೆ ಬದಲಾಗುವುದಿಲ್ಲ ಎಂಬುದು ನನಗೂ ಅಂದೇ ಸರಿಯಾಗಿ ಅರ್ಥವಾದದ್ದು.

ಮೊದಲು ಮಾಡಿದ್ದು, ಯಾಕೆ ತಪ್ಪಾಯಿತು

ನಾನು ಕೊಟ್ಟ ಮೊದಲ ಸಲಹೆ ತಪ್ಪು. ಎಲ್ಲ ಕಾಗದದಲ್ಲೂ ಒಂದೇ ಜಿಲ್ಲೆ ಬರುವ ಹಾಗೆ ಮಾಡಿಸಿಬಿಡೋಣ ಎಂದೆ. ಈಗಿನ ಜಿಲ್ಲೆ ವಿಜಯನಗರ, ಜನನ ಪತ್ರದಲ್ಲೂ ಅದನ್ನೇ ಬರೆಸಿದರೆ ತಕರಾರೇ ಇರುವುದಿಲ್ಲ ಅಲ್ವಾ ಎಂದುಕೊಂಡೆ. ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆವು. ತಂದೆ ಎರಡು ದಿನ ಹೊಲದ ಕೆಲಸ ಬಿಟ್ಟು ಓಡಾಡಿದರು.

ಜನನ-ಮರಣ ನೋಂದಣಿ ಮಾಡುವ ಕಡೆ ಒಬ್ಬ ಹೆಣ್ಣುಮಗಳು ಇದ್ದರು. ಅರ್ಜಿ ಪೂರ್ತಿ ಓದಿದರು. ಆಮೇಲೆ ಸಮಾಧಾನವಾಗಿ ಕೇಳಿದರು, "ಸಾರ್, ಇದರಲ್ಲಿ ತಪ್ಪು ಏನಿದೆ? 2004ರಲ್ಲಿ ಈ ಊರು ದಾವಣಗೆರೆ ಜಿಲ್ಲೆಯಲ್ಲೇ ಇತ್ತಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂ ಪ್ರಕಾರ ತಪ್ಪಾಗಿ ಬರೆದ ನಮೂದನ್ನು ತಿದ್ದಬಹುದು. ಇದು ತಪ್ಪಾಗಿ ಬರೆದದ್ದೇ ಅಲ್ಲ. ಬರೆದ ದಿನ ಅದು ಪೂರ್ತಿ ಸರಿ. 2004ರಲ್ಲಿ ವಿಜಯನಗರ ಎಂಬ ಜಿಲ್ಲೆಯೇ ಇರಲಿಲ್ಲ. ಇಲ್ಲದ ಜಿಲ್ಲೆಯಲ್ಲಿ ಹುಟ್ಟಿದಳು ಎಂದು ಬರೆಸಲು ಹೊರಟಿದ್ದೆವು. ಒಂದು ವೇಳೆ ಹಾಗೆ ಬರೆದುಕೊಟ್ಟಿದ್ದರೆ, ಆ ಪತ್ರ ಅವಳ ಜೀವನಪೂರ್ತಿ ಅನುಮಾನಕ್ಕೆ ದಾರಿ ಮಾಡುತ್ತಿತ್ತು. ಶಾಲೆಯ ದಾಖಲೆಗೂ ಅದಕ್ಕೂ ತಾಳೆ ಬರುತ್ತಿರಲಿಲ್ಲ. ಆ ಹೆಣ್ಣುಮಗಳು ಅರ್ಜಿಯನ್ನು ತೆಗೆದುಕೊಳ್ಳದೇ ಇದ್ದದ್ದೇ ನಮಗೆ ದೊಡ್ಡ ಉಪಕಾರ.

ವಾಪಸ್ ಬರುವಾಗ ಬಸ್ಸಿನಲ್ಲಿ ಯೋಚಿಸುತ್ತಾ ಬಂದೆ. ಈ ಚೀಲದಲ್ಲಿರುವ ಪ್ರತಿ ಕಾಗದವೂ ಸರಿ. ಒಂದೊಂದೂ ತನ್ನ ಕಾಲದ ಜಿಲ್ಲೆಯನ್ನು ಹೇಳುತ್ತಿದೆ. ಅವನ್ನು ಜೋಡಿಸುವ ಕೊಂಡಿ ಇಲ್ಲ ಅಷ್ಟೆ.

ಕೊಂಡಿ ಎಲ್ಲಿ ಸಿಕ್ಕಿತು

ಮನೆಗೆ ಬಂದು ಚೀಲವನ್ನು ಇನ್ನೊಮ್ಮೆ ಸುರಿದೆವು. ತಳದಲ್ಲಿ ಮಡಚಿ ಮಡಚಿ ಹರಿಯುವ ಹಾಗಿದ್ದ ಒಂದು ಕಾಗದ ಇತ್ತು. ಅಜ್ಜನ ಹತ್ತನೇ ನಮೂನೆ, ಅಂದರೆ ಹೊಲದ ಹಕ್ಕುಪತ್ರ. 1974ರ ಭೂಸುಧಾರಣೆಯಲ್ಲಿ ಉಳುವವನೇ ಹೊಲದೊಡೆಯ ಎಂದಾಗ ಅಜ್ಜ ಏಳನೇ ನಮೂನೆಯಲ್ಲಿ ಅರ್ಜಿ ಹಾಕಿದ್ದರು. ಭೂ ನ್ಯಾಯಮಂಡಳಿಯಲ್ಲಿ ಅವರಂತೆ ತೀರ್ಮಾನವಾಗಿ ಹಕ್ಕಿನ ಪತ್ರ ಬಂದಿತ್ತು. ಅದರಲ್ಲಿ ಗ್ರಾಮ, ಹೋಬಳಿ, ಹರಪನಹಳ್ಳಿ ತಾಲೂಕು, ಬಳ್ಳಾರಿ ಜಿಲ್ಲೆ, ಸರ್ವೆ ನಂಬರು ಎಲ್ಲ ಇತ್ತು.

ಈಗಿನ ಪಹಣಿ ತೆಗೆದು ಪಕ್ಕದಲ್ಲಿಟ್ಟೆವು. ಗ್ರಾಮ ಅದೇ. ಹೋಬಳಿ ಅದೇ. ತಾಲೂಕು ಅದೇ. ಸರ್ವೆ ನಂಬರು ಅದೇ, ಪಾಲಾದ್ದರಿಂದ ಹಿಸ್ಸಾ ಒಂದು ಸೇರಿಕೊಂಡಿದೆ. ಜಿಲ್ಲೆಯ ಸಾಲು ಮಾತ್ರ ಬೇರೆ. ಆ ಎರಡು ಕಾಗದವನ್ನು ಒಟ್ಟಿಗೆ ನೋಡಿದಾಗ ತಂದೆಯ ಮುಖ ಅರಳಿತು. ಅಷ್ಟು ಹೊತ್ತೂ ನಾವು ಜಿಲ್ಲೆಯ ಹೆಸರನ್ನೇ ಹಿಡಿದು ಎಳೆದಾಡುತ್ತಿದ್ದೆವು. ಹಿಡಿಯಬೇಕಿದ್ದದ್ದು ಗ್ರಾಮ ಮತ್ತು ತಾಲೂಕನ್ನು.

ಜಿಲ್ಲೆ ಬದಲಾಗುವುದು ಹೇಗೆ ಎಂದು ತಿಳಿದಿದ್ದರೆ ಇದು ಮೊದಲೇ ಹೊಳೆಯಬೇಕಿತ್ತು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಪ್ರಕಾರ ಸರ್ಕಾರ ಅಧಿಸೂಚನೆ ಹೊರಡಿಸಿ ಜಿಲ್ಲೆಯ ಗಡಿ ಬದಲಿಸಬಹುದು. ಸಾಮಾನ್ಯವಾಗಿ ಅದು ಇಡೀ ತಾಲೂಕುಗಳನ್ನು ಎತ್ತಿ ಇನ್ನೊಂದು ಜಿಲ್ಲೆಗೆ ಇಡುತ್ತದೆ. ತಾಲೂಕಿನ ಒಳಗಿನ ಹಳ್ಳಿ, ಸರ್ವೆ ನಂಬರು ಅಲುಗಾಡುವುದಿಲ್ಲ. ಹರಪನಹಳ್ಳಿ ಮೂರು ಸಲ ಬದಲಾದಾಗಲೂ ಹಾಗೇ ಆದದ್ದು.

ಒಂದು ಬಿಳಿ ಹಾಳೆಯಲ್ಲಿ ಹೀಗೆ ಬರೆದೆ:

1953ರ ಸೆಪ್ಟೆಂಬರ್‌ವರೆಗೆ: ಹರಪನಹಳ್ಳಿ ತಾಲೂಕು, ಬಳ್ಳಾರಿ ಜಿಲ್ಲೆ, ಮದ್ರಾಸ್
1953ರ ಅಕ್ಟೋಬರ್ 1ರಿಂದ: ಹರಪನಹಳ್ಳಿ ತಾಲೂಕು, ಬಳ್ಳಾರಿ ಜಿಲ್ಲೆ, ಮೈಸೂರು (1973ರಿಂದ ಕರ್ನಾಟಕ)
1997ರಿಂದ: ಹರಪನಹಳ್ಳಿ ತಾಲೂಕು, ದಾವಣಗೆರೆ ಜಿಲ್ಲೆ
2018ರಿಂದ: ಹರಪನಹಳ್ಳಿ ತಾಲೂಕು, ಬಳ್ಳಾರಿ ಜಿಲ್ಲೆ
2021ರಿಂದ: ಹರಪನಹಳ್ಳಿ ತಾಲೂಕು, ವಿಜಯನಗರ ಜಿಲ್ಲೆ

ಪ್ರತಿ ಸಾಲಿನ ಎದುರು, ಆ ಕಾಲದ್ದು ಎಂದು ನಮ್ಮ ಹತ್ತಿರ ಯಾವ ಕಾಗದ ಇದೆಯೋ ಅದರ ಹೆಸರು ಬರೆದೆವು. ಮದ್ರಾಸಿನ ಸಾಲಿಗೆ ಏನೂ ಇರಲಿಲ್ಲ, ಖಾಲಿ ಬಿಟ್ಟೆವು. ಅದು ಬೇಕಾಗಿಯೂ ಇರಲಿಲ್ಲ. ಜಿಲ್ಲೆ ಬದಲಿಸಿದ ಸರ್ಕಾರಿ ಅಧಿಸೂಚನೆಗಳ ಪ್ರತಿ ಹುಡುಕಿ ಹಿಂದೆ ಪಿನ್ ಮಾಡಿದೆವು. ಅಜ್ಜನ ಹತ್ತನೇ ನಮೂನೆ, ಈಗಿನ ಪಹಣಿ, ತಂದೆಯ ಶಾಲಾ ದಾಖಲೆ, ಮಗಳ ಜನನ ಪತ್ರ, ಇದೇ ಕ್ರಮದಲ್ಲಿ ಜೋಡಿಸಿದೆವು. ಅಫಿಡವಿಟ್ ತೆಗೆದುಹಾಕಿದೆವು.

ಮುಂದೆ ಏನಾಯಿತು

ಈ ಸಲ ತಂದೆಯೇ ಹೋಗಿ ಕೊಟ್ಟರು. ಅದೇ ಸಿಬ್ಬಂದಿ. ಹಾಳೆಯನ್ನು ಮೇಲಿಂದ ಕೆಳಗೆ ಬೆರಳಿಟ್ಟು ಓದಿದರಂತೆ. "ಇದನ್ನ ಮೊದಲೇ ಕೊಟ್ಟಿದ್ದರೆ ಆಗ್ತಿತ್ತಲ್ಲ" ಎಂದರಂತೆ. ಗ್ರಾಮ ಲೆಕ್ಕಿಗರು ಊರಿಗೆ ಬಂದು ವಿಚಾರಿಸಿ ವರದಿ ಕೊಟ್ಟರು, ಕಡತ ತಹಶೀಲ್ದಾರರ ಮೂಲಕ ಉಪವಿಭಾಗಾಧಿಕಾರಿಗಳ ಬಳಿ ಹೋಯಿತು. ಪ್ರಮಾಣಪತ್ರ ಬಂತು.

ಅಲ್ಲಿಗೆ ಮುಗಿಯಲಿಲ್ಲ. ದಾಖಲೆ ಪರಿಶೀಲನೆಗೆ ದೂರದ ಒಂದು ಊರಿಗೆ ಹೋದಾಗ ಅಲ್ಲಿಯೂ ಅದೇ ಪ್ರಶ್ನೆ ಬಂತು. ಪ್ರಮಾಣಪತ್ರ ಕೊಟ್ಟಿದ್ದು ವಿಜಯನಗರ ಜಿಲ್ಲೆ, ಹುಟ್ಟಿದ್ದು ದಾವಣಗೆರೆ, ಹೇಗೆ? ಹುಡುಗಿ ಒಬ್ಬಳೇ ಕೌಂಟರಿನ ಮುಂದೆ ನಿಂತಿದ್ದಳು. ಹಾಳೆಯ ಇನ್ನೊಂದು ಪ್ರತಿ ಅವಳ ಫೈಲಿನಲ್ಲಿತ್ತು, ತೆಗೆದು ಕೊಟ್ಟಳು. ಐದು ನಿಮಿಷದಲ್ಲಿ ಮುಗಿಯಿತು. ಅವಳಿಗೆ ಸೀಟು ಸಿಕ್ಕಿತು, ಹೈದರಾಬಾದ್ ಕರ್ನಾಟಕದ್ದೇ ಒಂದು ಕಾಲೇಜಿನಲ್ಲಿ. 2019ರಿಂದ ಅದನ್ನು ಕಲ್ಯಾಣ ಕರ್ನಾಟಕ ಎನ್ನುತ್ತಾರೆ. ಅವಳ ಹಾಳೆಯ ಕೆಳಗೆ ನಾನು ಆ ಹೆಸರು ಬದಲಾದದ್ದನ್ನೂ ಬರೆದಿದ್ದೆ.

ಇದರಿಂದ ನಾನು ಕಲಿತದ್ದು

ಹಳೆಯ ಕಾಗದದಲ್ಲಿ ಹಳೆಯ ಜಿಲ್ಲೆ ಇದ್ದರೆ ಅದನ್ನು ತಿದ್ದಿಸಲು ಹೋಗಬೇಡಿ. ಯಾರಾದರೂ ಹೇಳಿದರೂ ಹೋಗಬೇಡಿ. ಆಧಾರ್‌ನಲ್ಲಿ, ರೇಷನ್ ಕಾರ್ಡಿನಲ್ಲಿ ಈಗಿನ ವಿಳಾಸ ಇರಬೇಕು, ಅದು ಬೇರೆ ಮಾತು. ಹುಟ್ಟು, ಓದು, ಹಕ್ಕುಪತ್ರ ಇವು ಆಯಾ ದಿನದ ಸಾಕ್ಷಿ. ಸಾಕ್ಷಿಯನ್ನು ತಿದ್ದಿದರೆ ಅದರ ಬೆಲೆ ಹೋಗುತ್ತದೆ.

ಹಾಳೆಯಲ್ಲಿ ಗ್ರಾಮ ಮತ್ತು ತಾಲೂಕಿನ ಹೆಸರು ಮೊದಲು ಬರಲಿ. ನಮ್ಮಲ್ಲಿ ವಿಳಾಸ ಕೇಳಿದರೆ ಜಿಲ್ಲೆ ಹೇಳುವ ಅಭ್ಯಾಸ ಜಾಸ್ತಿ. ಬರೀ ‘ದಾವಣಗೆರೆ ಜಿಲ್ಲೆ’ ಎಂದು ಓದಿದವರಿಗೆ ಹರಿಹರವೂ ಹರಪನಹಳ್ಳಿಯೂ ಒಂದೇ. ಒಂದು ವಿಷಯ ನೆನಪಿರಲಿ, ತಾಲೂಕೇ ಒಡೆದಿದ್ದರೆ ಈ ದಾರಿ ಸಾಲದು. ಕೊಟ್ಟೂರಿನಂಥ ಹೊಸ ತಾಲೂಕಿನವರು ಹೋಬಳಿಯನ್ನೂ ಹಿಡಿಯಬೇಕು.

ಇದು ಹರಪನಹಳ್ಳಿಗೆ ಮಾತ್ರ ಇರುವ ತೊಂದರೆಯೂ ಅಲ್ಲ. ಕೊಳ್ಳೇಗಾಲದ ಹಿರಿಯರ ಕಾಗದದಲ್ಲಿ ಕೊಯಮತ್ತೂರು ಜಿಲ್ಲೆ, ಅವರ ಮಕ್ಕಳದ್ದರಲ್ಲಿ ಮೈಸೂರು, ಮೊಮ್ಮಕ್ಕಳದ್ದರಲ್ಲಿ ಚಾಮರಾಜನಗರ. ಹೊನ್ನಾಳಿಯವರದ್ದು ಶಿವಮೊಗ್ಗದಿಂದ ದಾವಣಗೆರೆ. ದೇಶದಲ್ಲಿ 2001ರ ಜನಗಣತಿ ಹೊತ್ತಿಗೆ 593 ಜಿಲ್ಲೆ ಇದ್ದವು, 2011ಕ್ಕೆ 640, ಈಗ 750 ದಾಟಿದೆ. ಊರಿನ ಇತಿಹಾಸ ಬರೆಯುವವರಿಗೂ ಇದರಿಂದ ಕಷ್ಟ. ಹರಪನಹಳ್ಳಿಯ ಜನಸಂಖ್ಯೆ 1991ರಲ್ಲಿ ಬಳ್ಳಾರಿಯ ಪುಸ್ತಕದಲ್ಲಿದೆ, 2001 ಮತ್ತು 2011ರಲ್ಲಿ ದಾವಣಗೆರೆಯದ್ದರಲ್ಲಿ. ಮುಂದಿನ ಗಣತಿಯಲ್ಲಿ ಮೊದಲ ಸಲ ವಿಜಯನಗರದ ಲೆಕ್ಕಕ್ಕೆ ಬರುತ್ತದೆ. ದಾವಣಗೆರೆ ಜಿಲ್ಲೆಯ ಜನ ಕಡಿಮೆಯಾದರು ಎಂದು ಯಾರಾದರೂ ಸುಮ್ನೆ ಅಂಕಿ ನೋಡಿ ಬರೆದಾರು.

ನನ್ನ ಒಂದು ಬೇಡಿಕೆ ಇದೆ, ಬಲವಾಗಿಯೇ ಹೇಳುತ್ತೇನೆ. ತಾಲೂಕೊಂದು ಜಿಲ್ಲೆ ಬದಲಿಸಿದ ದಿನವೇ, ಯಾವ ದಿನಾಂಕದಿಂದ ಯಾವ ಜಿಲ್ಲೆ ಎಂದು ಅರ್ಧ ಪುಟದ ಪಟ್ಟಿ ಮಾಡಿ ಎಲ್ಲ ಕಚೇರಿಗೂ, ಪರಿಶೀಲನೆ ಮಾಡುವ ಎಲ್ಲ ಕೌಂಟರಿಗೂ ಕಳಿಸಬೇಕು. ಬಿಳಿ ಹಾಳೆಯಲ್ಲಿ ನಾನು ಬರೆದದ್ದನ್ನು ಒಬ್ಬ ರೈತ ಸಾಬೀತು ಮಾಡುತ್ತಾ ತಿರುಗಬಾರದು. ಗೆರೆ ಎಳೆದವರು ಅವರಲ್ಲ.

ಮೊನ್ನೆ ಆ ಮನೆಯ ದೊಡ್ಡ ಮಗ ಬಂದಿದ್ದ. ಅವನಿಗೆ 2017ರ ಸೀಟು ಹೋಯಿತು, ಅದು ಇನ್ನು ಬರುವುದಿಲ್ಲ. ಆದರೆ ಅವನೂ ಅದೇ ತಾಲೂಕಿನಲ್ಲಿ ಹುಟ್ಟಿದವನು, ಕೆಲಸದ ಅರ್ಜಿಗೆ 371(ಜೆ) ಕೇಳಬಹುದು. ತಂಗಿಯ ಹಾಳೆಯ ಜೆರಾಕ್ಸ್ ತಂದಿದ್ದ. ಜನನ ಪತ್ರದ ಸಾಲಿನಲ್ಲಿ 2004 ಹೊಡೆದುಹಾಕಿ ಅವನ ಕೈಯಲ್ಲೇ 1999 ಎಂದು ಬರೆಸಿದೆ.